ಹನ್ನೊಂದನೆಯ ಗೀಟು

ಹಿಂದೂಪುರದ ಟಾಕೀಸೊಂದರ ಗೇಟಿನಲ್ಲಿ ಮೂವತ್ತು ವರ್ಷ ನಿಂತ ನಂಜುಂಡಣ್ಣ ಒಂದು ಸಿನಿಮಾವನ್ನೂ ಪೂರ್ತಿ ನೋಡಿರಲಿಲ್ಲ. ಆದರೆ ಯಾವ ಸಿನಿಮಾ ಹೇಗಿದೆ ಎಂದು ತಿಳಿಯಬೇಕಾದರೆ ಊರೆಲ್ಲ ಅವನನ್ನೇ ಕೇಳುತ್ತಿತ್ತು. ‘ಪರದೆ ನಿನ್ನ ಬೆನ್ನ ಹಿಂದೆಯೇ ಇದೆಯಲ್ಲಯ್ಯಾ, ಒಂದು ಸಲ ತಿರುಗಿ ನೋಡಬಾರದೆ?’ ಎಂದು ನಾನು ರೇಗಿಸುತ್ತಿದ್ದೆ.

“ನೋಡ್ಬುಟ್ರೆ ನಂದೂ ಒಂದು ಮಾತು ಸೇರ್ಕೊಂಬುಡ್ತದೆ ಮೇಷ್ಟ್ರೇ. ಆಮೇಕೆ ಜನದ ಮಾತು ಎಲ್ಲಿ ಕೇಳಿಸ್ತದೆ?” ಎನ್ನುತ್ತಿದ್ದ.

ಅವನು ನೇಕಾರರ ಮನೆಯವನು. ಮಗ್ಗ ಬಿಟ್ಟು ಎಷ್ಟೋ ಕಾಲವಾಗಿದ್ದರೂ ಹೆಬ್ಬೆರಳು ತೋರುಬೆರಳನ್ನು ಒಂದಕ್ಕೊಂದು ತಿಕ್ಕುತ್ತ, ಕಾಣದ ಎಳೆಯೊಂದನ್ನು ಪರೀಕ್ಷಿಸುವವನ ಹಾಗೆ ನಿಂತಿರುತ್ತಿದ್ದ. ಕಿವಿಯ ಮೇಲೆ ಒಂದು ಮೋಟು ಪೆನ್ಸಿಲ್. ಮೊದಲ ದಿನದ ಆಟ ಬಿಡುತ್ತಲೇ ಬಾಗಿಲಿಗೆ ಅಡ್ಡ ನಿಂತು, ಮೊದಲು ಹೊರಬಂದ ಹತ್ತು ಜನರನ್ನು “ಹೆಂಗೈತೆ?” ಎಂದು ಕೇಳುತ್ತಿದ್ದ. ಹರಿದ ಟಿಕೆಟ್ಟಿನ ಹಿಂದೆ ಗೀಟು ಹಾಕುತ್ತಿದ್ದ. ಚೆನ್ನಾಗಿದೆ ಎಂದರೆ ನಿಂತ ಗೀಟು, ಇಲ್ಲವೆಂದರೆ ಮಲಗಿದ ಗೀಟು. ಹನ್ನೊಂದನೆಯವನು ಊರಿನ ಎಮ್ಮೆಲ್ಲೆಯೇ ಆಗಿದ್ದರೂ ಕೇಳುತ್ತಿರಲಿಲ್ಲ.

“ನಿಧಾನಕ್ಕೆ ಬರೋನು ಪಕ್ಕದೋನ ಮಾತು ಕೇಳ್ಕೊಂಡು ಬದ್ಲಾಗಿರ್ತಾನೆ. ಬಾಗ್ಲು ತೆಗೆದ ತಕ್ಷಣ ಬಂದೋನ ಬಾಯಾಗಿರೋದು ಅವನ ಸ್ವಂತ ಮಾತು ಕಣಪ್ಪ” ಎಂಬುದು ಅವನ ಸಿದ್ಧಾಂತ. ಫೋನಿನಲ್ಲಿ ಜನ ನಕ್ಷತ್ರ ಕೊಡುತ್ತಾರಂತೆ ಎಂದು ಒಮ್ಮೆ ತೋರಿಸಿದೆ. ಕನ್ನಡಕ ಏರಿಸಿ ನೋಡಿದ. “ಮಕ ಕಾಣಿಸ್ದೇ ಇರೋರ ಮಾತು ನಂಗ್ಯಾಕೆ?” ಎಂದು ಫೋನು ವಾಪಸ್ಸು ಕೊಟ್ಟ.

ಹತ್ತು ಗೀಟು ಮುಗಿಯುತ್ತಲೇ ಕಲ್ಯಾಣದುರ್ಗಕ್ಕೆ ಫೋನು ಹೋಗುತ್ತಿತ್ತು. ಅಲ್ಲಿ ಅವನ ಹಳೆಯ ಗೆಳೆಯ ಓಬುಳೇಸು ಒಂದು ಸಣ್ಣ ಟಾಕೀಸು ನಡೆಸುತ್ತಿದ್ದ. ತಾನೂ ಆ ಸಿನಿಮಾ ತರಿಸಬೇಕೋ ಬೇಡವೋ ಎಂಬುದಕ್ಕೆ ಅವನಿಗೆ ನಂಜುಂಡಣ್ಣನ ಒಂದೇ ಮಾತು ಸಾಕಾಗಿತ್ತು. “ತೀಸ್ಕೋ” ಎಂದರೆ ತರಿಸುತ್ತಿದ್ದ, “ವದ್ದು ರಾ” ಎಂದರೆ ಬಿಡುತ್ತಿದ್ದ. ಆ ಮಾತು ಸುಳ್ಳಾದದ್ದನ್ನು ಯಾರೂ ಕಂಡಿರಲಿಲ್ಲ.

ಆ ವರ್ಷ ದಸರಾ ರಜೆಗೆ ನಾಯಿಗಳು ಮಾತಾಡುವ ಸಿನಿಮಾ ಬಂತು. ತೆಲುಗಿಗೆ ಡಬ್ ಆದದ್ದು. ಒಂದು ಕುಟುಂಬ ರಜೆಗೆಂದು ಬೆಟ್ಟದ ಊರಿಗೆ ಹೋಗುತ್ತದೆ. ಅಲ್ಲಿ ಜಗಳವಾಡಿ ಒಬ್ಬರಿಗೊಬ್ಬರು ಮಾತು ಬಿಡುತ್ತಾರೆ. ಜೊತೆಗೆ ಹೋದ ಎರಡು ನಾಯಿಗಳು ಆಗ ಮಾತು ಶುರುಮಾಡುತ್ತವೆ. ಅಷ್ಟೇ ಕಥೆ. ಓಬುಳೇಸುವಿಗೆ ಮಾತ್ರ ಅದು ಹುಡುಗಾಟವಾಗಿರಲಿಲ್ಲ. ಟಾಕೀಸನ್ನು ಮದುವೆ ಮಂಟಪ ಮಾಡೋಣವೆಂದು ಅವನ ಮನೆಯವರು ಹಟ ಹಿಡಿದಿದ್ದರು. ‘ಈ ದಸರಾಕ್ಕೆ ಟಾಕೀಸು ತುಂಬಿದರೆ ಉಳಿಸಿಕೊ, ಇಲ್ಲದಿದ್ದರೆ ಇಲ್ಲ’ ಎಂದು ಕಡ್ಡಿ ಮುರಿದಂತೆ ಹೇಳಿದ್ದರು. ನಂಜುಂಡಣ್ಣ ಇದನ್ನು ನನಗೆ ಎರಡು ಸಲ ಹೇಳಿದ್ದ.

ಮೊದಲ ದಿನದ ಮ್ಯಾಟ್ನಿಗೆ ನಾನೂ ಹೆಂಡತಿ ಮಗಳೊಂದಿಗೆ ಹೋಗಿದ್ದೆ. ನಮ್ಮ ಮನೆಯ ಕರಿಯ ಸತ್ತು ಎರಡು ತಿಂಗಳಾಗಿತ್ತು. ಹದಿನಾಲ್ಕು ವರ್ಷ ನಮ್ಮ ಹೊಸಿಲಲ್ಲಿ ಮಲಗಿದ ನಾಯಿ. ಪರದೆಯ ಮೇಲೆ ಮುದಿ ನಾಯಿ ಮರಿಗೆ, ಮನೆಯವರು ಬಾಗಿಲು ತೆಗೆದಾಗಲೆಲ್ಲ ತನಗೆ ಅವರನ್ನು ಮೊದಲ ಸಲ ಕಂಡಷ್ಟೇ ಸಂತೋಷವಾಗುತ್ತದೆ ಎಂದು ಹೇಳಿತು. ನನಗೆ ತಡೆಯಲಾಗಲಿಲ್ಲ, ಕತ್ತಲಲ್ಲಿ ಬಿಕ್ಕಿ ಅತ್ತೆ. ಲೆಕ್ಕದ ಮೇಷ್ಟರು ನಾಯಿಗಾಗಿ ಅಳುವುದೆಂದರೇನು! ದೀಪ ಹತ್ತುವ ಮೊದಲೇ ಎದ್ದು, ‘ಗಾಡಿ ತೆಗೆಯುತ್ತೇನೆ, ನಿಧಾನವಾಗಿ ಬನ್ನಿ’ ಎಂದು ಹೊರಗೆ ಓಡಿದೆ.

“ಹೆಂಗೈತೆ ಮೇಷ್ಟ್ರೇ?”

“ಏನಿದೆ ನಂಜುಂಡಣ್ಣ, ಮಕ್ಕಳಾಟ. ನಾಯಿ ಮಾತಾಡುತ್ತವಂತೆ, ನಾವು ಕೇಳಬೇಕಂತೆ” ಎಂದೆ.

ಅವನು ನನ್ನ ಮುಖವನ್ನೇ ಒಂದು ಗಳಿಗೆ ನೋಡಿದ. ಆಮೇಲೆ ಗೀಟು ಮಲಗಿಸಿದ. ನನ್ನ ಹಿಂದೆ ಬಂದವರೂ ಗಾಡಿ ಸ್ಟ್ಯಾಂಡಿಗೆ ಓಡುತ್ತಿದ್ದ ಗಂಡಸರೇ. “ನಮ್ಮ ಬೀದಿ ನಾಯಿ ಇದಕ್ಕಿಂತ ವಾಸಿ ಕಣ್ಲಾ” ಎಂದ ಒಬ್ಬ. “ಫೈಟೇ ಇಲ್ಲ, ಎಂಥ ಸಿನಿಮಾ?” ಎಂದ ಇನ್ನೊಬ್ಬ. ಎಂಟು ಗೀಟು ಮಲಗಿದವು, ಎರಡು ನಿಂತವು. ಗೇಟಿನಿಂದಲೇ ನಂಜುಂಡಣ್ಣ ಫೋನು ಮಾಡಿ “ವದ್ದು ರಾ ಓಬುಳೇಸೂ” ಎಂದದ್ದು ಗಾಡಿ ತೆಗೆಯುತ್ತಿದ್ದ ನನಗೆ ಕೇಳಿಸಿತು.

ನಾನು ಗಾಡಿಯನ್ನು ಗೇಟಿನ ಹತ್ತಿರ ತರುವಷ್ಟರಲ್ಲಿ ಹೊರಬಂದವು ಸಂಸಾರಗಳು. ಮಕ್ಕಳು ಒಬ್ಬರಿಗೊಬ್ಬರು ಬೊಗಳುತ್ತಿದ್ದರು, ಹೆಂಗಸರು ಸೆರಗಿನಲ್ಲಿ ಕಣ್ಣೊರೆಸುತ್ತಿದ್ದರು. ಗೋರಂಟ್ಲದ ಕಡೆಯ ಒಬ್ಬಾಕೆ ತಾನಾಗಿಯೇ ಗೇಟಿನಲ್ಲಿ ನಿಂತಳು.

“ನಮ್ಮನ್ಯಾಗೆ ಮನುಷ್ಯರೇ ಮಾತಾಡಕ್ಕಿಲ್ಲ ಕಣಣ್ಣ, ಅಲ್ಲಿ ನಾಯಿಗಳಾದ್ರೂ ಮಾತಾಡ್ತವೆ. ನಾಳಿಕೆ ನಮ್ಮತ್ತೇನೂ ಕರ್ಕೊಂಡು ಬತ್ತೀನಿ. ಬರಕೋ ನನ್ನ ಮಾತು.”

“ಹತ್ತು ಆಯ್ತು ತಾಯಿ” ಎಂದ ನಂಜುಂಡಣ್ಣ. ಅವನ ದನಿ ಅಷ್ಟು ಸಣ್ಣದಾದದ್ದನ್ನು ನಾನು ಎಂದೂ ಕೇಳಿರಲಿಲ್ಲ.

ಭಾನುವಾರದ ಹೊತ್ತಿಗೆ ಟಾಕೀಸಿನ ಮುಂದೆ ಕಾಲಿಡಲು ಜಾಗವಿರಲಿಲ್ಲ. ಸೋಮವಾರ ಬೆಳಗ್ಗೆ ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಸ್ಟ್ಯಾಂಡಿನಲ್ಲಿ ನಿಂತಿದ್ದ. “ತಪ್ಪು ಹೇಳಿದ್ದು ಫೋನಾಗೆ, ಸರಿ. ತಪ್ಪಾಯ್ತು ಅನ್ನೋದು ಫೋನಾಗೆ ಆಗಕ್ಕಿಲ್ಲ. ಹೋಯ್ತೀನಿ” ಎಂದ. ನನಗೆ ರಜೆ, ಜೊತೆಗೆ ಹೊರಟೆ. ರಜೆ ಎಂದದ್ದು ನೆಪ. ಪೆನುಕೊಂಡದಲ್ಲಿ ಬಸ್ಸು ಬದಲಾಯಿಸುವಾಗ ‘ಅವತ್ತು ನಾನು ಸುಳ್ಳು ಹೇಳಿದೆ’ ಎನ್ನಬೇಕೆಂದುಕೊಂಡೆ. ಟೀ ಕುಡಿಯೋಣವೇ ಎಂದೆ.

ಕಲ್ಯಾಣದುರ್ಗ ತಲುಪುವ ಹೊತ್ತಿಗೆ ಆ ಸಿನಿಮಾ ಬೇರೆ ಊರಿನ ಪಾಲಾಗಿತ್ತು. ಓಬುಳೇಸು ಅದರ ಬದಲು ತರಿಸಿದ್ದ ಹೊಡೆದಾಟದ ಸಿನಿಮಾಕ್ಕೆ ಇಪ್ಪತ್ತು ಜನ ಕುಳಿತಿದ್ದರು. ನಂಜುಂಡಣ್ಣ ಟಾಕೀಸಿನ ಬಾಗಿಲಲ್ಲೇ ಕೈಮುಗಿದ.

“ತಪ್ಪು ನಂದೇ ರಾ. ಗಾಡಿ ತೆಗೆಯೋಕೆ ಓಡೋ ಗಂಡಸರನ್ನ ಕೇಳ್ಬುಟ್ಟೆ. ಹೆಂಗಸರು ಮಕ್ಕಳು ಒಳಗೇ ಇದ್ರು.”

ಓಬುಳೇಸು ಅವನ ಮುಗಿದ ಕೈಗಳನ್ನು ಹಿಡಿದು ಕೆಳಗಿಳಿಸಿದ. “ಪೋನೀಲೇ ರಾ” ಎಂದ, ಹೋಗಲಿ ಬಿಡು ಅಂತ. ನಮ್ಮನ್ನು ಕೂರಿಸಿ ಮುದ್ದೆ, ಕಡಲೆಕಾಯಿ ಚಟ್ನಿ ಹಾಕಿ ಊಟಕ್ಕಿಟ್ಟ. ಅವನು ಒಂದು ಕಟುಮಾತು ಆಡಿದ್ದರೂ ನಂಜುಂಡಣ್ಣನಿಗೆ ಹಗುರವಾಗುತ್ತಿತ್ತೋ ಏನೋ. ಸಂಕ್ರಾಂತಿಯ ಹೊತ್ತಿಗೆ ಆ ಟಾಕೀಸಿನ ಕುರ್ಚಿಗಳನ್ನು ಕಿತ್ತರು. ಈಗ ಅಲ್ಲಿ ಮದುವೆಗಳು ನಡೆಯುತ್ತವೆ.

ಅಲ್ಲಿಂದ ಬಂದ ಮೇಲೆ ನಂಜುಂಡಣ್ಣ ಯಾರನ್ನೂ “ಹೆಂಗೈತೆ?” ಎಂದು ಕೇಳಲಿಲ್ಲ. ಟಿಕೆಟ್ಟು ಹರಿಯುತ್ತಿದ್ದ, ಬಾಗಿಲು ತೆಗೆಯುತ್ತಿದ್ದ. ಜನ ತಾವಾಗಿ ಹೇಳಲು ಬಂದರೂ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದ. ನಾನಂತೂ ಆ ಟಾಕೀಸಿಗೆ ಹೋಗುವುದನ್ನೇ ಕಡಿಮೆ ಮಾಡಿದೆ, ಹೇಡಿಯ ಹಾಗೆ.

ಎರಡು ವರ್ಷದ ಮೇಲೆ, ಅವನು ಹಾಸಿಗೆ ಹಿಡಿದಿದ್ದಾನೆಂದು ತಿಳಿದು ನೋಡಲು ಹೋದೆ. ಬೆರಳು ಆಗಲೂ ಎಳೆ ತಿಕ್ಕುತ್ತಿದ್ದವು. ಅಂದು ಹೇಳಿಬಿಟ್ಟೆ: “ನಂಜುಂಡಣ್ಣ, ಆ ನಾಯಿ ಸಿನಿಮಾ ನನಗೆ ತುಂಬ ಹಿಡಿಸಿತ್ತು. ಅತ್ತಿದ್ದೆ. ನಿನ್ನ ಮುಂದೆ ನಾಚಿಕೆಯಾಗಿ ಸುಳ್ಳಾಡಿದೆ.”

“ಗೊತ್ತಿತ್ತು ಮೇಷ್ಟ್ರೇ. ಕಣ್ಣು ಕೆಂಪಗಿತ್ತು.”

“ಗೊತ್ತಿದ್ದೂ ಗೀಟು ಮಲಗಿಸಿದೆಯಾ?”

“ಹೇಳಿದ್ದು ಬರಕೊಳ್ಳೋದು ನನ್ನ ಕೆಲಸ. ಕಂಡಿದ್ದು ಬರಕೊಂಡ್ರೆ ಅದು ನನ್ನ ಮಾತಾಯ್ತದೆ ಅಂದ್ಕೊಂಡೆ. ಮೂವತ್ತು ವರ್ಸದ ನೇಮ. ಅದೇ ಓಬುಳೇಸುನ ಟಾಕೀಸು ತಿಂತು.”

ತಲೆದಿಂಬಿನ ಕೆಳಗಿನಿಂದ ಒಂದು ಹಳೆಯ ಟಿಕೆಟ್ಟನ್ನು ತೆಗೆದ. ಹತ್ತು ಗೀಟು, ಎಂಟು ಮಲಗಿದ್ದು, ಎರಡು ನಿಂತದ್ದು. ಮೋಟು ಪೆನ್ಸಿಲನ್ನು ನನ್ನ ಕೈಗೆ ಕೊಟ್ಟ. ನಾನು ನನ್ನ ಗೀಟನ್ನು ಅಳಿಸಹೋದೆ.

“ಅಳಿಸ್ಬ್ಯಾಡಿ. ಆಡಿದ್ದು ಆಡಿದ್ದೇ. ಪಕ್ಕದಾಗೆ ಹಾಕಿ.”

ಹತ್ತರ ಪಕ್ಕದಲ್ಲಿ ಒಂದು ನಿಂತ ಗೀಟು ಹಾಕಿದೆ. ಅದನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, ಮತ್ತೆ ದಿಂಬಿನ ಕೆಳಗಿಟ್ಟುಕೊಂಡ. ಅದೇ ನಮ್ಮ ಕೊನೆಯ ಭೇಟಿ.

ಮೊನ್ನೆ ಅದೇ ಟಾಕೀಸಿಗೆ ಹೋಗಿದ್ದೆವು. ಆಟ ಮುಗಿಯುತ್ತಲೇ ಹೆಂಡತಿ, “ಹೋಗಿ ಗಾಡಿ ತೆಗೀರಿ, ರಶ್ಶಾಯ್ತದೆ” ಎಂದಳು. ಆಗಲಿ ಎಂದು ಕೂತೇ ಇದ್ದೆ. ಪರದೆಯ ಮೇಲಿನ ಹೆಸರುಗಳೆಲ್ಲ ಮುಗಿದ ಮೇಲೆ ಎಲ್ಲರಿಗಿಂತ ಕೊನೆಗೆ ಹೊರಬಂದೆ. ಗೇಟಿನ ಹತ್ತಿರ ಕಾಲು ತಾನಾಗಿ ನಿಂತಿತು. “ಚೆನ್ನಾಗಿತ್ತು ನಂಜುಂಡಣ್ಣ, ಒಂದು ಕಡೆ ಅಳುವೂ ಬಂತು” ಎಂದು ಬಾಯಿಬಿಟ್ಟೇ ಹೇಳಿದೆ. ಬರೆದುಕೊಳ್ಳುವವರು ಯಾರೂ ಇರಲಿಲ್ಲ.