ಒಟ್ನಲ್ಲಿ ಏನಂತೆ?

ಉಮಾಮಹೇಶ್ವರಿ ಮೇಡಂ ಗದ್ಯಭಾಗವನ್ನು ಒಮ್ಮೆ ಗಟ್ಟಿಯಾಗಿ ಓದಿಸಿ, ಪುಸ್ತಕ ಮುಚ್ಚಿಸಿ, "ಒಟ್ನಲ್ಲಿ ಏನಂತೆ?" ಎಂದು ಕೇಳುತ್ತಿದ್ದರು. ಉತ್ತರ ಒಂದೇ ವಾಕ್ಯದಲ್ಲಿ ಬರಬೇಕು. ನಿಟ್ಟೂರಿನ ಹತ್ತಿರದ ನಮ್ಮ ಹೈಸ್ಕೂಲಿನಲ್ಲಿ ಅವರು ಕನ್ನಡ, ನಾನು ಗಣಿತ. ಇಬ್ಬರದೂ ತುಮಕೂರಿನ ಬಟವಾಡಿಯಲ್ಲಿ ಬಾಡಿಗೆ ಮನೆ, ಇಬ್ಬರೂ ಒಂದೇ ಟ್ರೈನಿನಲ್ಲಿ ಹೋಗಿಬರುವವರು. ಹಾಗಾಗಿ ಅವರ ಬದುಕಿನ ಬಹಳಷ್ಟು ನನಗೆ ಕಿಟಕಿ ಪಕ್ಕದ ಸೀಟಿನಲ್ಲೇ ಗೊತ್ತಾಯಿತು.

ಆ ಪ್ರಶ್ನೆ ಅವರಿಗೆ ಬಂದದ್ದು ತಂದೆಯ ಅಂಗಡಿಯಿಂದ. ಅಮೃತೂರಿನ ಬಸ್‌ಸ್ಟಾಪ್ ಎದುರು ಸಿದ್ದಗಂಗಯ್ಯನವರದು ಹೊಲಿಗೆ ಅಂಗಡಿ. ಬೆಳಿಗ್ಗೆ ಮೆಷಿನ್ನಿಗೆ ಕೂರುವ ಮೊದಲು ಪೇಪರನ್ನು ಎಲ್ಲರಿಗೂ ಕೇಳುವಂತೆ ಓದುತ್ತಿದ್ದರಂತೆ. ಅಷ್ಟರಲ್ಲಿ ಬಸ್ಸು ಬಂದರೆ, ಹತ್ತುವವರು ಫುಟ್‌ಬೋರ್ಡಿನಿಂದಲೇ "ಒಟ್ನಲ್ಲಿ ಏನಂತೆ ಸಿದ್ದಗಂಗಣ್ಣ?" ಎಂದು ಕೂಗುತ್ತಿದ್ದರು. ಅವರು ಕನ್ನಡಕ ಹಣೆಗೇರಿಸಿ ಒಂದೇ ಮಾತಲ್ಲಿ ಹೇಳಿ ಮುಗಿಸುತ್ತಿದ್ದರು. "ನಮ್ಮಪ್ಪ ಎಂಟನೇ ಕ್ಲಾಸು. ಆದ್ರೆ ಆ ಒಂದು ಮಾತು ಯಾವತ್ತೂ ತಪ್ತಿರ್ಲಿಲ್ಲ," ಎನ್ನುವಾಗ ಮೇಡಂ ಮುಖ ಹಗುರಾಗುತ್ತಿತ್ತು.

ಹತ್ತನೇ ಕ್ಲಾಸಿನಲ್ಲಿ ಸುಶ್ಮಿತಾ ಅಂತ ಒಬ್ಬ ಹುಡುಗಿ. ತಾಯಿ ಭದ್ರಮ್ಮ ಊರಾಚೆಯ ತೆಂಗಿನ ನಾರಿನ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದರು, ತಂದೆ ಇಲ್ಲ. ಏನು ಓದಿಸಿದರೂ ಅವಳದು ಒಂದೇ ಪದದ ಉತ್ತರ. ಒಂದು ದಿನ ಕೆರೆಯ ಬಗ್ಗೆ ಗದ್ಯವಿತ್ತು.

"ಕೆರೆ, ಮೇಡಂ."

"ಕೆರೆ ಅನ್ನೋದು ವಿಷಯ ಕಣೇ. ಕೆರೆ ಬಗ್ಗೆ ಏನ್ ಹೇಳ್ತಿದಾರೆ? ಒಂದೊಂದೇ ಸಾಲನ್ನ ಬೆರಳಲ್ಲಿ ಮುಚ್ಚು. ಯಾವ ಸಾಲು ಮುಚ್ಚಿದ್ರೆ ಉಳಿದಿದ್ದು ನಿಲ್ಲಲ್ವೋ, ಅದು ಮುಖ್ಯ."

ಸುಶ್ಮಿತಾ ನಿಧಾನವಾಗಿ ಮುಚ್ಚುತ್ತಾ ಹೋದಳು. "ತುಂಬಿದ್ರೂ ಊರಿಗೆ ಕುಡಿಯಕ್ಕೆ ನೀರಿಲ್ಲ ಅನ್ನೋದು" ಎಂದಳು. ಮೇಡಂ ಇಡೀ ಕ್ಲಾಸಿನಿಂದ ಚಪ್ಪಾಳೆ ಹೊಡೆಸಿದರು. ಅಲ್ಲಿಂದಾಚೆಗೆ ಆ ಹುಡುಗಿಗೆ ಅದೊಂದು ಹುಚ್ಚೇ ಹಿಡಿಯಿತು. ಬಸ್ಸಿನ ಜಾಹೀರಾತು, ಮದುವೆ ಪತ್ರಿಕೆ, ಔಷಧಿ ಡಬ್ಬದ ಚೀಟಿ, ಯಾವುದನ್ನೂ ಬಿಡುತ್ತಿರಲಿಲ್ಲ. "ಕೆಲವು ಕಡೆ ಮುಖ್ಯವಾದದ್ದನ್ನ ಬರೆದೇ ಇರಲ್ಲ, ನಾವೇ ಕಂಡ್ಕೋಬೇಕು," ಎಂದು ಮೇಡಂ ಹೇಳಿದ ದಿನ ಅವಳು ಊಟದ ಬಿಡುವಿನಲ್ಲೂ ಅವರ ಬೆನ್ನು ಬಿಡಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಭದ್ರಮ್ಮನ ಬಲಗೈ ನಾರು ಬಿಡಿಸುವ ಮೆಷಿನ್ನಿಗೆ ಸಿಕ್ಕಿತು. ತೆಂಗಿನ ಸಿಪ್ಪೆ ಬೇಗ ಬೇಗ ಹಾಕಲೆಂದು ಮೆಷಿನ್ನಿನ ಬಾಯಿಗಿದ್ದ ತಗಡಿನ ಮುಚ್ಚಳವನ್ನು ಫ್ಯಾಕ್ಟರಿಯವರು ದೀಪಾವಳಿಗೆ ಮೊದಲೇ ಬಿಚ್ಚಿಹಾಕಿದ್ದರಂತೆ. ಭಯ ಆಗುತ್ತೆ, ಹಾಕಿಸಿ ಅಂತ ಭದ್ರಮ್ಮ ಎರಡು ಸಲ ಹೇಳಿದ್ದರು. ತುಮಕೂರಿನ ಆಸ್ಪತ್ರೆಯಲ್ಲಿ ಕೈಯನ್ನು ಮಣಿಕಟ್ಟಿನಿಂದ ಸ್ವಲ್ಪ ಮೇಲಕ್ಕೆ ಕತ್ತರಿಸಿ ತೆಗೆದರು.

ನಾವಿಬ್ಬರೂ ನೋಡಲು ಹೋದಾಗ ಮಂಚದ ಪಕ್ಕ ಫ್ಯಾಕ್ಟರಿಯ ಮ್ಯಾನೇಜರ್ ಉದಯಕುಮಾರ್ ಇದ್ದ. ಕಿತ್ತಳೆ ಹಣ್ಣು ತಂದಿದ್ದ, ಟೈಪ್ ಮಾಡಿಸಿದ ಎರಡು ಹಾಳೆಯನ್ನೂ ತಂದಿದ್ದ. ಮಾತು ಬಹಳ ನಯ.

"ಓದಿ ಮೇಡಂ, ಏನ್ ಬರ್ದವ್ರೋ," ಎಂದರು ಭದ್ರಮ್ಮ.

ಉಮಾಮಹೇಶ್ವರಿ ಮೇಡಂ ಓದಿದರು. ಫ್ಯಾಕ್ಟರಿಯಿಂದ ಎಷ್ಟು ಸಂಸಾರ ಬದುಕಿವೆ, ಮಾಲೀಕರು ತಮ್ಮ ಕಾರಿನಲ್ಲೇ ಹೇಗೆ ಆಸ್ಪತ್ರೆಗೆ ಸೇರಿಸಿದರು, ಖರ್ಚನ್ನೆಲ್ಲಾ ಹೇಗೆ ವಹಿಸಿಕೊಂಡರು ಅಂತ ಒಂದೂವರೆ ಹಾಳೆ. ಕೊನೆಗೆ, ಕೆಲಸಗಾರಳ ಗಮನ ಬೇರೆಡೆ ಇದ್ದ ಕಾರಣ ಕೈ ಸಿಕ್ಕಿತು, ಇದರಲ್ಲಿ ಯಾರ ಮೇಲೂ ದೂರಿಲ್ಲ.

ತಾಯಿಯ ಕಾಲ ಬಳಿ ನಿಂತಿದ್ದ ಸುಶ್ಮಿತಾ ಹಾಳೆ ಇಸ್ಕೊಂಡಳು. ಬೆರಳಿಟ್ಟು ಒಂದೊಂದೇ ಸಾಲು ಮುಚ್ಚಿ ಓದಿದಳು.

"ಮೇಡಂ, ಮುಚ್ಚಳ ಇರ್ಲಿಲ್ಲ ಅನ್ನೋದೇ ಇದ್ರಲ್ಲಿ ಇಲ್ಲ. ಅದೇ ತಾನೆ ಮುಖ್ಯ?"

ಪಕ್ಕದ ಮಂಚದವರು ತಿರುಗಿ ನೋಡಿದರು. ಮೇಡಂ ಉದಯಕುಮಾರನಿಗೆ, "ಅವಳು ಹೇಳ್ತಿರೋದು ಸರಿ. ಅದನ್ನೂ ಸೇರಿಸಿ ತನ್ನಿ," ಎಂದರು.

"ತರ್ಬೋದು ಮೇಡಂ, ಅದಕ್ಕೇನು. ಮಾಲೀಕರಿಗೆ ಹೇಳ್ತೀನಿ. ಆದ್ರೆ ಆಮೇಲೆ ಈ ಆಸ್ಪತ್ರೆ ವಿಚಾರಾನೂ ಮೊದಲಿಂದ ಯೋಚನೆ ಮಾಡ್ಬೇಕಾಗುತ್ತೆ. ಇವರ ತಮ್ಮ, ತಮ್ಮನ ಹೆಂಡ್ತಿ ಇಬ್ರೂ ನಮ್ಮಲ್ಲೇ ಇದಾರೆ." ಅವನು ದನಿ ಎತ್ತಲೇ ಇಲ್ಲ.

ಭದ್ರಮ್ಮ ಎಡಗೈ ಚಾಚಿದರು. "ಎಲ್ಲಿ ಒತ್ಬೇಕು ತೋರ್ಸಪ್ಪ."

"ಅಮ್ಮ, ಬ್ಯಾಡ ಕಣಮ್ಮ."

"ಸುಮ್ಕಿರೇ." ಹೆಬ್ಬೆಟ್ಟೊತ್ತಿ, ಶಾಯಿಯನ್ನು ಹೊದಿಕೆಗೆ ಒರೆಸಿಕೊಂಡು, ಮೇಡಂ ಕಡೆ ತಿರುಗಿದರು. ಮುಖದಲ್ಲಿ ಕೋಪವಿರಲಿಲ್ಲ. "ನಿಮ್ ಪಾಠ ಪರೀಕ್ಷೆಗಿರ್ಲಿ ಮೇಡಂ. ಮನೇಗ್ ಬ್ಯಾಡ."

ವಾಪಸು ಬರುವಾಗ ಆಟೋದಲ್ಲಿ ಉಮಾಮಹೇಶ್ವರಿ ಮೇಡಂ ಇಡೀ ದಾರಿ ಬ್ಯಾಗಿನ ಜಿಪ್ಪನ್ನು ಎಳೆಯುವುದು, ಬಿಡುವುದು ಮಾಡುತ್ತಿದ್ದರು. ಬಟವಾಡಿ ಬಂದಾಗ, "ಅವಳಿಗೆ ಕಣ್ಣು ಕೊಟ್ಟೆ ಅಂದ್ಕೊಂಡಿದ್ದೆ ಕಣ್ರೀ," ಎಂದಷ್ಟೇ ಹೇಳಿ ಇಳಿದರು.

ಆಮೇಲೆ ಒಂದು ಸಲ ಅವರು ಯಾರೋ ಲಾಯರ್ ಹತ್ತಿರವೂ ಹೋಗಿಬಂದರು. ತಾಯಿಯೇ ಒತ್ತಿಕೊಟ್ಟ ಮೇಲೆ ತಾಯಿಯೇ ಬರಬೇಕು ಎಂದರಂತೆ ಲಾಯರ್. ಭದ್ರಮ್ಮ ಬರಲು ಒಪ್ಪಲಿಲ್ಲ. ಮನೆ ಬಾಗಿಲಿಗೆ ಹೋದ ಮೇಡಂಗೆ ಕಾಫಿ ಕೊಟ್ಟು, ಬೇರೆ ಮಾತಾಡಿ ಕಳಿಸಿದರು.

ಸುಶ್ಮಿತಾ ಪರೀಕ್ಷೆ ಬರೆದಳು, ಫಸ್ಟ್ ಕ್ಲಾಸಿನಲ್ಲಿ ಪಾಸಾದಳು, ಕನ್ನಡದಲ್ಲಿ ಶಾಲೆಗೇ ಹೆಚ್ಚು ಅಂಕ. ಹೆಡ್‌ಮಾಸ್ಟರು ಸಿಹಿ ಹಂಚಿದರು. ಜೂನ್ ಕೊನೆಯಲ್ಲಿ ನಿಟ್ಟೂರು ಸ್ಟೇಷನ್ ರಸ್ತೆಯಲ್ಲಿ ಅವಳು ಸಿಕ್ಕಳು. ಫ್ಯಾಕ್ಟರಿಯ ಟೆಂಪೋದಿಂದ ಇಳಿಯುತ್ತಿದ್ದಳು, ಜಡೆಯಲ್ಲಿ ನಾರಿನ ಧೂಳು.

"ಆಫೀಸಲ್ಲಿ ಬಿಲ್ ಬರೆಯೋದು ಮೇಡಂ. ಉದಯಕುಮಾರ್ ಸರ್ ಹಾಕಿಸ್ಕೊಟ್ರು. ಅಮ್ಮ ಎಡಗೈಲಿ ಮುದ್ದೆ ಮುರಿಯೋದು ಕಲ್ತವ್ಳೆ."

"ಕಾಲೇಜು?"

"ಮುಂದಿನ್ ವರ್ಷ ನೋಡಣ ಅಂದವ್ನೆ ಮಾವ." ಎರಡು ಹೆಜ್ಜೆ ಹೋದವಳು ನಿಂತು, "ಟ್ರೈನ್ ಬಂತು ಮೇಡಂ, ಹೋಗಿ," ಎಂದಳು. ಅವಳಿಗೆ ನಮ್ಮ ಜೊತೆ ಹೆಚ್ಚು ಹೊತ್ತು ನಿಲ್ಲುವುದು ಬೇಕಿರಲಿಲ್ಲ ಅಂತ ನನಗನ್ನಿಸಿತು. ಮೇಡಂಗೂ ಅನ್ನಿಸಿರಬೇಕು.

ಈ ವರ್ಷ ಅವರು ಪಾಠದ ಕ್ರಮ ಬದಲಿಸಿದ್ದಾರೆ. ಪ್ರತಿ ಗದ್ಯದ ಮುಖ್ಯಾಂಶವನ್ನೂ ತಾವೇ ಹೇಳಿ ಬರೆಸುತ್ತಾರೆ. ಮಕ್ಕಳಿಗೆ ಇದೇ ಸುಲಭ, ಅಂಕವೂ ಬರುತ್ತದೆ. ಯಾಕೆ ಹೀಗೆ ಎಂದು ಒಮ್ಮೆ ಕೇಳಿದ್ದಕ್ಕೆ, "ಸಾಕು ಬಿಡ್ರೀ" ಎಂದರು. ನನ್ನ ಕ್ಲಾಸು ಪಕ್ಕದ್ದೇ. ನಡುವಿನ ಗೋಡೆ ತೆಳು. ಬೋರ್ಡಿನ ಮೇಲೆ ಲೆಕ್ಕ ಬರೆಯುತ್ತಿರುವಾಗ ಅವರ ದನಿ ಕೇಳುತ್ತದೆ, ಪದ ಪದ ಬಿಡಿಸಿ, ಅಲ್ಪವಿರಾಮ, ಪೂರ್ಣವಿರಾಮ ಎಲ್ಲವನ್ನೂ ಹೇಳಿ ಬರೆಸುವ ದನಿ. ಮಕ್ಕಳದು ಮಾತ್ರ ಒಂದು ಸದ್ದೂ ಇರುವುದಿಲ್ಲ.