ಆಪರೇಟರ್ ಕಾಕಾ ಓದಿ ಹೇಳಿದ ಹಾಳೆ

ಕಳೆದ ವಾರ ಆಫೀಸಿನ ಡ್ರಾಯರ್ ಖಾಲಿ ಮಾಡುವಾಗ ಒಂದು ದಪ್ಪ ಹಾಳೆ ಸಿಕ್ಕಿತು. ಅಕ್ಷರವಿಲ್ಲ, ಬರೀ ಉಬ್ಬು ಚುಕ್ಕಿಗಳು. ಬ್ರೈಲ್. ಬೆರಳು ತಗುಲಿದ್ದೇ ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಅದನ್ನು ಬರೆದವರು ಹರಿಹರದಲ್ಲಿ ನಮ್ಮ ಪಕ್ಕದ ಮನೆಯವರು. ಕಣ್ಣು ಕಾಣುತ್ತಿರಲಿಲ್ಲ. ಕಾರ್ಖಾನೆಯೊಂದರ ಟೆಲಿಫೋನ್ ಬೋರ್ಡಿನಲ್ಲಿ ಕೂತು ನಿವೃತ್ತರಾಗಿದ್ದರು. ಓಣಿಗೆಲ್ಲ ಆಪರೇಟರ್ ಕಾಕಾ. ಸಕ್ಕರೆ ಕಾಯಿಲೆಯ ತಪಾಸಣೆಗೆ ತಿಂಗಳಿಗೊಮ್ಮೆ ಒಬ್ಬರೇ ಬಸ್ ಹತ್ತಿ ದಾವಣಗೆರೆಯ ಒಂದು ಕ್ಲಿನಿಕ್ಕಿಗೆ ಬರುತ್ತಿದ್ದರು. ಯಾರಾದರೂ ಕೈ ಹಿಡಿಯಲು ಬಂದರೆ ಸಿಡುಕುತ್ತಿದ್ದರು. ಒಬ್ಬರೇ ಹೋಗಿಬರುವುದೇ ಅವರ ಜಂಬ...

ಆ ಕ್ಲಿನಿಕ್ಕಿನಲ್ಲಿ ಮೊದಲು ಹೆಸರು ಹಿಡಿದು ಕೂಗುತ್ತಿದ್ದರು. ಅಲ್ಲಿಗೆ ಟೋಕನ್ ಸಾಫ್ಟ್‌ವೇರ್ ಮಾಡುವ ಕೆಲಸ ಅದೇ ಊರಿನ ಪಿ.ಜೆ. ಬಡಾವಣೆಯ ನಮ್ಮ ಆಫೀಸಿಗೆ ಬಂತು. ಅದರಲ್ಲಿ ಏನೇನಿರಬೇಕೆಂದು ಪಟ್ಟಿ ಬರೆಯುವವನು ನಾನು. ಸುದ್ದಿ ತಿಳಿದ ಕಾಕಾ ಈ ಹಾಳೆ ಹಿಡಿದು ಆಫೀಸಿಗೇ ಬಂದರು, ಬೆರಳಾಡಿಸುತ್ತ ಓದಿದರು.

“ನಂಬರ್ ಪರದೆ ಮ್ಯಾಲೆ ಬಂದ್ರೆ ಸಾಲ್ದು, ಕೂಗ್ಬೇಕು. ಎರಡು ಸಲ ಕೂಗ್ಬೇಕು. ಡಾಕ್ಟರ್ ಬಾಗ್ಲು ಯಾವ ಕಡೆ ಐತೆ ಅಂತ ಹೇಳ್ಬೇಕು. ಆ ದನಿ ಆಫ್ ಮಾಡಾಕೆ ಯಾರಿಗೂ ಬರಬಾರ್ದು...” ಇನ್ನೂ ಏನೇನೋ ಓದಿ, “ಬರ್ಕೊಂಡ್ಯಾ?” ಅಂದರು.

“ಬರ್ಕೊಂಡೆ ಕಾಕಾ.” ಹಾಳೆಯನ್ನು ನನ್ನ ಬಳಿಯೇ ಬಿಟ್ಟು ಹೋದರು.

ಸುಳ್ಳು. ಹಳೇ ಕಡತದಿಂದ ಒಂದು ಸಾಲು ಎತ್ತಿ ಅಂಟಿಸಿದ್ದೆ: ‘ಅಂಗವಿಕಲರಿಗೂ ಅನುಕೂಲವಾಗಿರಬೇಕು.’ ಎಲ್ಲ ಪಟ್ಟಿಗೂ ಅದನ್ನೇ ಅಂಟಿಸುತ್ತಿದ್ದೆವು. ಆ ಸಾಲು ಹಿಡಿದು ಯಾರೂ ಏನನ್ನೂ ಕಟ್ಟಲಾರರು, ಏನನ್ನೂ ಪರೀಕ್ಷಿಸಲಾರರು; ಅದಕ್ಕೇ ಎಲ್ಲರಿಗೂ ಅದು ಇಷ್ಟ. ಪರದೆಯ ಅಂಕಿಗಳನ್ನು ಸ್ವಲ್ಪ ದಪ್ಪ ಮಾಡಿ ನಮ್ಮವರು ಟಿಕ್ ಹಾಕಿದರು, ನಾನು ಸಹಿ ಹಾಕಿದೆ. ಥೂ!

ಮುಂದಿನ ತಿಂಗಳು ಕಾಕಾ ಬೆಳಿಗ್ಗೆಯೇ ಟೋಕನ್ ತೆಗೆದುಕೊಂಡು ಕೂತರಂತೆ. ನಾನು ಬರೆದುಕೊಂಡಿದ್ದೇನೆ, ಕೂಗುತ್ತದೆ ಎಂಬ ನಂಬಿಕೆ, ಯಾರನ್ನೂ ಕೇಳಲಿಲ್ಲ. ನಂಬರ್ ಸದ್ದಿಲ್ಲದೆ ಬಂತು, ಹೋಯಿತು. ಮಧ್ಯಾಹ್ನ ಬಾಗಿಲು ಹಾಕುವಾಗ ಆಯಾ ಕೇಳಿದಳಂತೆ, “ಇನ್ನೂ ಯಾಕ ಕುಂತೀರಿ ಅಜ್ಜಾರ?”

ಸಂಜೆ ಅವರ ಮನೆಗೆ ಹೋದೆ. ಬೈದಿದ್ದರೆ ಚೆನ್ನಾಗಿತ್ತು. “ನಾನು ಓದಿದ್ದು ನಿಂಗ ಕೇಳಿಸ್ಲಿಲ್ಲೇನಪಾ?” ಅಂದರು, ಅಷ್ಟೇ. ಆಮೇಲೆ ಸೊಸೆಯ ಕೈ ಹಿಡಿದೇ ಹೋಗುತ್ತಿದ್ದರು. ಕೆಲ ತಿಂಗಳಲ್ಲಿ ಹೋಗುವುದನ್ನೇ ಬಿಟ್ಟರು... ಹೋದ ವರ್ಷ ತೀರಿಕೊಂಡರು.

ಆ ಪರದೆ ಇವತ್ತಿಗೂ ಕೂಗುವುದಿಲ್ಲ. ಈಗಲಾದರೂ ಅವರ ಮಾತುಗಳನ್ನು ಬರೆದಿಡೋಣವೆಂದು ಕೂತೆ. ನಾಲ್ಕು ನೆನಪಾದವು. ಹಾಳೆಯಲ್ಲಿ ಇರುವುದು ಏಳು ಸಾಲು. ಓದಬಲ್ಲವರನ್ನು ಹುಡುಕಬೇಕು. ಉಳಿದ ಮೂರನ್ನು ಕಾಕಾ ನನ್ನೆದುರೇ ಓದುತ್ತಿದ್ದಾಗ, ಅವರಿಗೆಲ್ಲಿ ಕಾಣುತ್ತದೆ ಎಂದು, ನಾನು ಮೊಬೈಲ್ ನೋಡುತ್ತಿದ್ದೆ.