ಮೋನಮ್ಮನ ಹೊಟ್ಟೆಯ ಗಡ್ಡೆ

ವಡಗೇರಾದ ಸುತ್ತ ಭತ್ತದ ಸಸಿ ಹಚ್ಚುವ ಹೆಂಗಸರ ಗುಂಪಿಗೆ ಮುಂದಾಳು ಮೋನಮ್ಮ. ಗಂಡಸರನ್ನೂ ಗದರಿಸುವ ಗಟ್ಟಿಗಿತ್ತಿ. ಆಕೆಗೆ ಒಂದು ಹೆಮ್ಮೆಯಿತ್ತು: ನಸುಕಿನಲ್ಲಿ ಗದ್ದೆಗಿಳಿದರೆ ಕತ್ತಲಾಗುವ ತನಕ ಆಕೆ ಒಂದಕ್ಕೆ ಹೋದದ್ದನ್ನು ಯಾರೂ ಕಂಡಿರಲಿಲ್ಲ.

ನಗಬೇಡಿ. ಕಾಲುವೆಯ ನೀರು ಬರುವ ಮೊದಲು ಆ ಹೊಲಗಳಲ್ಲೆಲ್ಲ ಜೋಳ. ಆಳೆತ್ತರದ ಜೋಳದೊಳಗೆ ಹೆಣ್ಣುಮಕ್ಕಳು ಯಾವಾಗ ಬೇಕಾದರೂ ನುಸುಳಿ ಬರಬಹುದಿತ್ತು. ಕಾಲುವೆ ಬಂತು, ಭತ್ತ ಬಂತು, ಕೈತುಂಬ ಕೆಲಸವೂ ಬಂತು. ಮರೆ ಮಾತ್ರ ಹೋಯಿತು. ಎತ್ತ ನೋಡಿದರೂ ನೀರು, ಗೇಣುದ್ದ ಸಸಿ, ಬದುವಿನ ಮೇಲೆ ಬೀಡಿ ಸೇದುತ್ತ ನಿಂತ ಗಂಡಸರು. ಹೆಂಗಸರು ಬೆಳಿಗ್ಗೆ ನೀರು ಕುಡಿಯುವುದನ್ನೇ ಬಿಟ್ಟು, ಹೊಟ್ಟೆ ಬಿಗಿಹಿಡಿದು ದುಡಿದರು. ಎಲ್ಲರಿಗಿಂತ ಹೆಚ್ಚು ಬಿಗಿಹಿಡಿದವಳು ಮೋನಮ್ಮ.

ಒಂದು ಸಂಜೆ, ಇನ್ನೂ ಬೆಳಕಿರುವಾಗಲೇ, ನಡುನೋವೆಂದು ಮನೆಗೆ ಬಂದು ಅಡ್ಡಾದಳು. ನೆಗೆಣ್ಣಿ ಶೇಖಮ್ಮ ನಡುವಿಗೂ ಹೊಟ್ಟೆಗೂ ಎಣ್ಣೆ ಹಚ್ಚಿ ತಿಕ್ಕುತ್ತಿದ್ದಾಗ, ಹೊಕ್ಕುಳ ಕೆಳಗೆ ದುಂಡಗಿನದೇನೋ ಕೈಗೆ ಸಿಕ್ಕಿತು.

“ಇದೇನ ಮೋನವ್ವ, ಗಡ್ಡಿ ಇದ್ದಂಗ ಐತಲ್ಲ?”

ಮೋನಮ್ಮನ ತಾಯಿ ಸತ್ತದ್ದು ಹೊಟ್ಟೆಯ ಗಡ್ಡೆಯಿಂದಲೇ. ಊರನ್ನೇ ಗದರಿಸುವವಳು ಗೋಡೆಗೆ ಮುಖ ಮಾಡಿ ಅತ್ತಳು. ಮತ್ತೊಮ್ಮೆ ಮುಟ್ಟಿ ನೋಡುವ ಧೈರ್ಯ ಇಬ್ಬರಿಗೂ ಬರಲಿಲ್ಲ. ಮರುದಿನ ಮಗಳನ್ನು ಕೂರಿಸಿಕೊಂಡು ಕಾಳುಕಡಿ ಯಾವ ಗಡಿಗೆಯಲ್ಲಿದೆ, ಉಪ್ಪಿನಕಾಯಿಗೆ ಉಪ್ಪೆಷ್ಟು ಎಂದೆಲ್ಲ ಹೇಳಿಕೊಡತೊಡಗಿದಳು. ಅದನ್ನು ನೋಡಲಾರದೆ ಶೇಖಮ್ಮನೇ ಆಕೆಯನ್ನು ಎಳೆದುಕೊಂಡು ಶಹಾಪುರದ ಬಸ್ಸು ಹತ್ತಿದಳು.

ಶಹಾಪುರದಲ್ಲಿ ಮಮ್ತಾಜ ಎಂಬ ಡಾಕ್ಟರಮ್ಮನ ದವಾಖಾನೆಯಿತ್ತು. ಮಾತು ಒರಟು, ಕೈ ಮಾತ್ರ ಬಲು ಮೆದು. ರೋಗಿಯನ್ನು ಮುಟ್ಟುವ ಮುಂಚೆ ಅಂಗೈಗಳನ್ನು ತಿಕ್ಕಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು. ಇವರ ಪಾಳಿ ಬರುವ ಹೊತ್ತಿಗೆ ಮಧ್ಯಾಹ್ನ ಇಳಿದಿತ್ತು.

“ಒಂದಕ್ಕ ಹೋಗಿ ಬಂದೀಯೇನವಾ?” ಎಂದು ಮಮ್ತಾಜ ಕೇಳಿದರು.

“ಹೂನ್ರಿ ಬಾಯಾರ, ಹೋಗಿ ಬಂದೀನ್ರಿ.”

ಹಸಿ ಸುಳ್ಳು. ಪಾಯಿಖಾನೆಯ ಬಾಗಿಲೆದುರಿಗೇ ಗಂಡಸರು ಕುಳಿತ ಬೆಂಚಿತ್ತು. ಅವರ ಕಣ್ಣೆದುರು ಆ ಬಾಗಿಲು ತೆರೆಯುವುದಕ್ಕಿಂತ ಸಾಯುವುದೇ ವಾಸಿ ಎಂದು ಆಕೆ ಸುಮ್ಮನೆ ಕುಳಿತಿದ್ದಳು.

ಹೊಟ್ಟೆಗೆ ಕೈ ತಾಕಿದ್ದೇ ತಡ, ಮೋನಮ್ಮ ಹಲಗೆಯಂತೆ ಬಿಗಿದುಕೊಂಡಳು. “ಸಡ್ಲ ಬಿಡವಾ” ಎಂದರೂ ಬಿಡಲೊಲ್ಲಳು. ಕೊನೆಗೆ ಮಮ್ತಾಜ ಆಕೆಯ ಕೈಯನ್ನೇ ತೆಗೆದು ಹೊಟ್ಟೆಯ ಮೇಲಿಟ್ಟು, ಅದರ ಮೇಲೆ ತಮ್ಮ ಕೈ ಇಟ್ಟರು. “ನಿನ್ನ ಕೈಗೆ ನೀನ ಅಂಜಬ್ಯಾಡ” ಎಂದರು.

ಎರಡೂ ಕೈಗಳು ಮೆಲ್ಲಗೆ ಕೆಳಗಿಳಿದವು. ಇತ್ತು. ದುಂಡಗೆ, ಬಿಗಿಯಾಗಿ, ಹೊಕ್ಕುಳ ಹತ್ತಿರದ ತನಕ. ಮೋನಮ್ಮನ ಕಣ್ಣು ತುಂಬಿ ಬಂತು. ಮಮ್ತಾಜರ ಹುಬ್ಬು ಗಂಟಿಕ್ಕಿತು.

“ಗುಲ್ಬರ್ಗಾಕ್ಕ ಹೋಗಬೇಕಾಗ್ತದೇನೋ” ಎನ್ನುತ್ತ ಇನ್ನಷ್ಟು ಒತ್ತಿದರು. ತಟ್ಟನೆ ಮೋನಮ್ಮ ಕಾಲ್ಬೆರಳು ಮುದುರಿ, ತುಟಿ ಕಚ್ಚಿ, ಮೊಣಕಾಲುಗಳನ್ನು ಒತ್ತಿ ಹಿಡಿದಳು. ಮಮ್ತಾಜರ ಕೈ ನಿಂತಿತು.

“ನೋವಾತೇನು?”

“ಇಲ್ರಿ.”

“ಮತ್ತೇನಾತು?”

ಮೋನಮ್ಮ ಮುಖವನ್ನು ಗೋಡೆಯತ್ತ ತಿರುಗಿಸಿದಳು. ಶೇಖಮ್ಮ ಪಕ್ಕೆಗೆ ತಿವಿದಳು. “ಒಂದಕ್ಕ... ಬಂದಂಗ ಆಗೇತ್ರಿ” ಎಂದು ಮೋನಮ್ಮ ಗೊಣಗಿದಳು.

“ಖರೆ ಹೇಳು, ಯಾವಾಗ ಹೋಗಿದ್ದಿ?”

“ನಸುಕಿನ್ಯಾಗ್ರಿ.”

ಮಮ್ತಾಜ ಹಣೆ ಚಚ್ಚಿಕೊಂಡರು. ಎದ್ದು ಹೋಗಿ ಬೆಂಚಿನ ಮೇಲಿದ್ದ ಗಂಡಸರನ್ನೆಲ್ಲ ಬೀದಿಗೆ ಅಟ್ಟಿದರು. ಶೇಖಮ್ಮ ಸೆರಗು ಹರವಿಕೊಂಡು ಬಾಗಿಲಿಗೆ ಕಾವಲು ನಿಂತಳು. ಒಳಗೆ ಹೋದವಳು ಎಷ್ಟು ಹೊತ್ತಾದರೂ ಹೊರಗೆ ಬರಲೊಲ್ಲಳು.

ಬಂದ ಮೇಲೆ ಮತ್ತೆ ಕೈಯ ಮೇಲೆ ಕೈ. ಈ ಸಲ ಹೊಟ್ಟೆ ತಾನೇ ಸಡಿಲಾಗಿತ್ತು. ಅತ್ತ ಒತ್ತಿದರು, ಇತ್ತ ಒತ್ತಿದರು. ಕೈ ಹಿಟ್ಟಿನಲ್ಲಿ ಇಳಿದಂತೆ ಮೆತ್ತಗೆ ಇಳಿಯಿತು.

“ಎಲ್ಲಿ ಹೋತ್ರಿ ಗಡ್ಡಿ?”

“ಈಗ ಒಳಗ ಬಿಟ್ಟು ಬಂದೆಲ್ಲ, ಅದ ನಿನ್ನ ಗಡ್ಡಿ!”

ಶೇಖಮ್ಮ ಬಿದ್ದು ಬಿದ್ದು ನಕ್ಕಳು. ಬೆಟ್ಟದಂತೆ ಬಂದದ್ದು ಮಂಜಿನಂತೆ ಕರಗಿತ್ತು. ಮೋನಮ್ಮನೂ ನಕ್ಕಳು, ನಗುನಗುತ್ತಲೇ ಅತ್ತಳು. ಹೋದ ಜೀವ ಬಂದ ಸಂತೋಷ ಒಂದು ಕಡೆ. ತನ್ನ ಅವ್ವನ ಹೊಟ್ಟೆಯ ಮೇಲೆ ಹೀಗೆ ಕೈಯಿಟ್ಟು ನೋಡುವವರು ಯಾರೂ ಇರಲಿಲ್ಲವಲ್ಲ ಎಂಬ ಸಂಕಟ ಇನ್ನೊಂದು ಕಡೆ.

“ನಗಬ್ಯಾಡ್ರಿ” ಎಂದು ಮಮ್ತಾಜ ಗದರಿದರು. “ಹಿಂಗ ದಿನಾ ಹಿಡ್ಕೊಂಡ್ರ ಖರೇನ ಬ್ಯಾನಿ ಬರ್ತದ. ನೀರ ಕುಡೀರಿ. ಬಂದಾಗ ಹೋಗ್ರಿ.”

ಮಾರನೆಯ ದಿನ ಖಂಡಪ್ಪನ ಗದ್ದೆಯಲ್ಲಿ ನಾಟಿ. ಸಸಿಯ ಕಟ್ಟುಗಳು ಬದುವಿನ ಮೇಲೆ ಬಾಡುತ್ತಿದ್ದರೂ ಹೆಂಗಸರು ಕೈಕಟ್ಟಿ ನಿಂತಿದ್ದರು. ಖಂಡಪ್ಪ ಓಡಿಬಂದ.

“ಯಾಕ ಮೋನಮ್ಮ, ಇಳಿಯಂಗಿಲ್ಲೇನು?”

“ಮೊದ್ಲ ಇಲ್ಲಿ ನಾಕು ಗೂಟ ಹುಗಸು ಯಣ್ಣಾ. ಆಮ್ಯಾಲ ಸಸಿ ಹಚ್ತೀವಿ.”

“ಗೂಟ ಯಾತಕ್ಕ?”

ಇಷ್ಟು ವರ್ಷ ಬಾಯಿಂದ ಹೊರಬರದ ಮಾತನ್ನು ಮೋನಮ್ಮ ಬದುವಿನ ಗಂಡಸರಿಗೆಲ್ಲ ಕೇಳುವಂತೆ ಹೇಳಿದಳು: “ಒಂದಕ್ಕ ಹೋಗಾಕ!”

ಖಂಡಪ್ಪ ಕೆಂಪಾದ, ಕೆಮ್ಮಿದ, ಕಡೆಗೆ ಗುದ್ದಲಿ ತರಿಸಿದ. ಗೂಟಗಳ ಸುತ್ತ ಹಳೆಯ ಯೂರಿಯಾ ಚೀಲಗಳ ಮರೆ ಎದ್ದಿತು. ಮೋನಮ್ಮ ಎಲ್ಲರೆದುರು ಒಂದು ತಂಬಿಗೆ ನೀರನ್ನು ಗಟಗಟ ಕುಡಿದು ಗದ್ದೆಗಿಳಿದಳು. ಸ್ವಲ್ಪ ಹೊತ್ತಿಗೆ ಕೈಯ ಕೆಸರು ತೊಳೆದುಕೊಂಡು, ಹಾಡಹಗಲಲ್ಲಿ, ಎಲ್ಲರಿಗಿಂತ ಮೊದಲು ಅತ್ತ ನಡೆದಳು.